ಳ

ಧಾರವಾಡದ ಕೋರ್ಟಿನ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲ
ನನ್ನ ಖೋಲಿ. ಒಂದು ಸೂಕ್ಷ್ಮದರ್ಶಕ, ಒಂದು ದೀಪ.
ಬೆಳಕು ಅಡ್ಡ ಹಿಡಿದರ
ಕಾಗದದಾಗೂ ಕೂರಿಗಿ ಸಾಲು ಕಾಣತಾವ.

ಬೆಟಗೇರಿಯ ಕೇಸು. ಮಗ್ಗದ ಶೆಡ್ಡು ಮಾರಿದ ಖರೀದಿಪತ್ರ,
ಕೆಳಗ ಸಹಿ: ತುಳಜಾಬಾಯಿ ಬಾಕಳೆ.
ತೀರಿಕೊಂಡು ಎರಡು ವರ್ಷ, ಆಕಿನ್ನ ಕೇಳೂಹಂಗಿಲ್ಲ.
ತಾಳೆ ನೋಡಲಿಕ್ಕೆ ಸೊಸೈಟಿಯ ಮಜೂರಿ ಪುಸ್ತಕ.
ಹದಿನೇಳು ಸಹಿ. ಹದಿನೇಳೂ ಬ್ಯಾರೆ ಬ್ಯಾರೆ:
ಒಂದು ಗೆರಿ ಮ್ಯಾಲೆ ಕುಂತದ, ಒಂದು ಜಾರ್ಯದ,
ಒಂದರಾಗ ಜಾಗಾ ಸಾಲದ ‘ಳೆ’ ಕೆಳಗ ಇಳದದ.

ನಾ ಕಲಿತ ಪಾಠ: ನಡುಕ ಕಂಡರ ಸಂಶಯಪಡು,
ಪೆನ್ನು ಎತ್ತಿದ್ದರ ಸಂಶಯಪಡು.
ಇಲ್ಲಿ ನಡುಗಿದ್ದು ಆಕಿನ.
ಐವತ್ತಕ್ಕ ರಾತ್ರಿಶಾಲಿಯಾಗ ಕಲಿತ ಕೈ
ಅಕ್ಷರ ಅಕ್ಷರಕ್ಕೂ ನಿಂತು,
ಕಡದ ಎಳಿ ಗಂಟು ಹಾಕಿ ಮುಂದ ಹೋಗ್ಯದ.
ಖರೀದಿಪತ್ರದ ಸಹಿ ಒಂದ ಉಸುರಿಗೆ ಹರದದ.

ಅನಿಸಿದ್ದು ಕೋರ್ಟಿಗೆ ಸಾಲೂದಿಲ್ಲ.
‘ಳ’ ಹಿಗ್ಗಿಸಿ ನೋಡಿದೆ.
ಬಾಲ್‌ಪೆನ್ನಿನ ಗುಂಡು ಹೊರಳಿದ ದಾರಿ
ಮಸಿಯಾಗ ಉಳದಿರತದ.
ಹದಿನೇಳರಾಗೂ ಸುಳಿ ಉಲ್ಟಾ,
ಕಂಡಿಕಿ ಸುತ್ತೂ ರಾಟಿ ಯಾ ಕಡೆ ತಿರಗತದೋ ಆ ಕಡೆ.
ಖರೀದಿಪತ್ರದಾಗ ಮಾತ್ರ
ಮಾಸ್ತರರು ತಿದ್ದಿಸಿದ ಸೀದಾ ‘ಳ’.

ಪಾಟೀಸವಾಲಿನಾಗ ವಕೀಲರು ಕೇಳಿದರು:
“ನೀವು ಆ ಬಾಯಾರನ್ನ ಎಂದರೆ ನೋಡೀರೇನು?”
ಇಲ್ಲ ಅಂದೆ.
ಬಲಗೈ ಬೆರಳು ಅಷ್ಟೊತ್ತಿಗೆ
ಕಟಕಟೆಯ ಕಟ್ಟಿಗಿ ಮ್ಯಾಲ
ಉಲ್ಟಾ ಒಂದು ಸುಳಿ ಸುತ್ತಲಿಕ್ಕತ್ತಿತ್ತು.