ಪಫ್ ಇಡುತ್ತಿದ್ದ ಕಪಾಟು

ಬೇಕರಿ ಮುಚ್ಚಿದ ಮೇಲೆ ಒಂದೊಂದೇ ಹೋಯಿತು:
ಓವನ್ ಬಂಟ್ವಾಳದವರಿಗೆ,
ತಕ್ಕಡಿ ಮೀನಿನ ಮೋನಕ್ಕನಿಗೆ,
ಬ್ರೆಡ್ಡಿನ ಅಚ್ಚುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ.
ಗಾಜಿನ ಕಪಾಟನ್ನು ಮಾತ್ರ ಯಾರೂ ಕೇಳಲಿಲ್ಲ.
ನಾಲ್ಕಡಿ ಉದ್ದ, ಒಂದೂವರೆ ಅಗಲ.
ಜೆಪ್ಪುವಿನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ
ಮಡಚಿದ ಬಟ್ಟೆ ಹೊತ್ತು ನಿಂತಿತ್ತು.

ಬೆಬೊ ಬಂದದ್ದು ಬಾಲ ಇದ್ದಾಗ.
ಶಾಲೆಯ ಹಿಂದಿನ ಕೆಂಪುಕಲ್ಲಿನ ಕೋರೆಯಿಂದ
ರೆನಿಟಾ ನೀರಿನ ಬಾಟಲಿಯಲ್ಲಿ ತಂದ ಹನ್ನೊಂದರಲ್ಲಿ ಒಂದು.
ಹತ್ತು ಹೋದವು. ಒಂದಕ್ಕೆ ಕಾಲು ಬಂತು.
ಐಸ್‌ಕ್ರೀಮಿನ ಡಬ್ಬ ಸಾಲದಾಯಿತು,
ನೀಲಿ ಟಬ್ಬೂ ಸಾಲದಾಯಿತು.
ಒಂದು ರಾತ್ರಿ ಟಬ್ ಹಾರಿ
ಅತ್ತೆಯ ಜಪಮಾಲೆಯ ಮೇಲೆ ಹೋಗಿ ಕೂತಿತು.
"ಒಂದೋ ಅದು, ಇಲ್ಲಾ ನಾನು" ಎಂದರು ಅತ್ತೆ.

ಲಿಗೋರಿ ಏನೂ ಹೇಳಲಿಲ್ಲ.
ಮೂರು ತಿಂಗಳಿಂದ ಏನೂ ಹೇಳುತ್ತಿರಲಿಲ್ಲ.
ಬೆಳಗಿನ ಜಾವ ಮೂರಕ್ಕೆ ಈಗಲೂ ಎಚ್ಚರ,
ನಾದಲು ಹಿಟ್ಟಿಲ್ಲದ ಕೈಗಳನ್ನು
ಮೊಣಕಾಲ ಮೇಲಿಟ್ಟುಕೊಂಡು ಕೂರುವುದು.
ಆ ದಿನ ಮೂರಕ್ಕೆ
ಅಳತೆ ಟೇಪು ಸರ್ರನೆ ಎಳೆದ ಸದ್ದು.

ಗಾಜು ತೆಳು, ಆರಿಂಚಿನ ಮೇಲೆ ನೀರು ತಡೆಯದು.
ಮೂಲೆಮೂಲೆಗೆ ಸಿಲಿಕೋನು, ಮನೆಯಿಡೀ ವಿನೆಗರ್ ವಾಸನೆ,
ಆದಿತ್ಯವಾರವಲ್ಲದ ದಿನ ಯಾರೋ ಇಂದಾದ್ ಮಾಡಿದ ಹಾಗೆ.
"ಎರಡು ದಿನ ಒಣಗಲಿ" ಎಂದರು.
ಹಿಟ್ಟು ಉಬ್ಬಲು ಕಾದವರಿಗೆ ಅದೇನು ಹೊಸದಲ್ಲ.
ಹಳೆ ಪೇಪರಿನ ಮೇಲಿಟ್ಟು ನೀರು ತುಂಬಿ ನೋಡಿದೆವು:
ಒಂದು ಮೂಲೆಯಲ್ಲಿ ಮದುವೆ ಜಾಹೀರಾತು ಒದ್ದೆ.
ಮತ್ತೆ ಖಾಲಿ, ಮತ್ತೆ ಸಿಲಿಕೋನು, ಮತ್ತೆರಡು ದಿನ.

ಕಪ್ಪೆ ನೀರು ಕುಡಿಯುವುದು ಬಾಯಿಂದಲ್ಲ, ಮೈಯಿಂದ,
ನಲ್ಲಿ ನೀರಿನ ಕ್ಲೋರಿನ್ ಆಗದು, ರೆನಿಟಾ ಹೇಳಿದಳು.
ಹಾಗಾಗಿ ತುಂಬೆಯ ನೀರು ಕೊಡಗಳಲ್ಲಿ
ಒಂದು ದಿನ ಸುಮ್ಮನೆ ನಿಂತಿತು.
ಕೊಡ ಇಲ್ಲದೆ ನಾವು ಬಚ್ಚಲಿಗೆ ಸಾಲು ನಿಂತೆವು.

ಕ್ರೀಮ್ ಬನ್ ಇಡುತ್ತಿದ್ದ ನಡುವಿನ ಗಾಜು
ಈಗ ಅಡ್ಡಗೋಡೆ: ಇತ್ತ ಕೆರೆ, ಅತ್ತ ದಂಡೆ.
ದಂಡೆಗೆ ತೆಂಗಿನ ನಾರು, ಮಣ್ಣು, ಬೇಲಿ ಬದಿಯ ತಿಮರೆ.
ಏರಲಿಕ್ಕೆ ಒಡೆದ ಹಂಚೊಂದು ಓರೆಯಾಗಿ;
ನಿಂತುಹೋದ ಕಾರ್ಖಾನೆಯ ಹೆಸರು
ಅರ್ಧ ನೀರಲ್ಲಿ, ಅರ್ಧ ಮೇಲೆ.
ಮುಚ್ಚಳಕ್ಕೆ ಕೇಕ್ ಆರಿಸುವ ಜಾಲರಿ,
ಅದಕ್ಕೆ ನಾನು ಸೊಳ್ಳೆಪರದೆ ಹೊಲಿದೆ.
ಅತ್ತೆ ದೂರದಿಂದಲೇ:
"ಎಂತ, ಅಕ್ಟೋಬರಿನಲ್ಲೇ ಗೋದಲಿ ಕಟ್ಟುವುದಾ?"

ಬಿಟ್ಟೆವು. ಬೆಬೊ ಹಂಚಿನ ಕಡೆ ನೋಡಲೇ ಇಲ್ಲ.
ನಾಲ್ಕು ದಿನ ಫಿಲ್ಟರಿನ ಮೋಟಾರಿನ ಹಿಂದೆ,
ಎರಡು ಕಣ್ಣು ಮಾತ್ರ ನೀರ ಮೇಲೆ.
ಮೈದಾದ ಏಜೆಂಟ್ ಬಾಕಿ ಕೇಳಲು ಬಂದಾಗ
ಒಳಕೋಣೆಯ ಪರದೆ ಸಂದಿಯಲ್ಲಿ
ಅಂಥ ಕಣ್ಣು ನಾನು ನೋಡಿದ್ದುಂಟು.
ಎರೆಹುಳ ಬೇಡ, ಜಿರಳೆ ಬೇಡ.
ಪಫ್ ಎತ್ತುವ ಇಕ್ಕಳ ಹಿಡಿದು
ಲಿಗೋರಿ ಗಿರಾಕಿಗೆ ಕಾಯುವವರ ಹಾಗೆ ಕಾದರು,
ಮೊಣಕೈ ಕಪಾಟಿನ ಮೇಲೂರಿ.

ಐದನೆಯ ದಿನ ಮೂರಕ್ಕೆ ನಾನೂ ಎದ್ದು ಬಂದೆ.
ಹಂಚಿನ ತುದಿಯಲ್ಲಿ ಅದು,
ಗಂಟಲಷ್ಟೇ ಮಿಡಿಯುತ್ತ.
ಇಕ್ಕಳ ಮೆಲ್ಲ ಚಾಚಿತು.
ಟಪ್.
ಹುಳ ಇಲ್ಲ.
"ನುಂಗುವಾಗ ಕಣ್ಣು ಒಳಗೆ ಹೋಗ್ತದೆ, ನೋಡಿದೆಯಾ?
ತಿಂದದ್ದನ್ನು ಕೆಳಗೆ ದೂಡಲಿಕ್ಕೆ
ಅದಕ್ಕೆ ಕಣ್ಣೂ ಬೇಕಂತೆ."
ಮೂರು ತಿಂಗಳಲ್ಲಿ ಇಷ್ಟುದ್ದದ ಮಾತು ಇದೇ.

ಮುಂದಿನ ಗಾಜಿನಲ್ಲಿ, ಬ್ಲೇಡಿಗೂ ಜಗ್ಗದ ಸ್ಟಿಕ್ಕರು:
ಇಂದು ನಗದು, ನಾಳೆ...
ಉಳಿದದ್ದು ಹರಿದಿದೆ.
ಬೆಬೊ ಹಾರಿ ಅಲ್ಲಿಗೇ ಬಿಳಿ ಹೊಟ್ಟೆ ಒತ್ತಿ ಕೂತಿತು,
ಅದರ ಬದಿಯಿಂದ ಅಕ್ಷರ ಉಲ್ಟಾ.

ಇಕ್ಕಳ ಎರಡನೆಯ ಹುಳಕ್ಕೆ ಡಬ್ಬ ತಡಕಿತು.
ನಾನು ಚಹಾಕ್ಕೆ ಇಟ್ಟೆ, ಆಗಷ್ಟೇ ಹಿಡಿದ ನಲ್ಲಿ ನೀರು.
ನಮಗೆ ಅದು ನಡೆಯುತ್ತದೆ.