ಮೂರನೇ ಫರ್ಲಾಂಗು

ಅರ್ಧ ಮೈಲಿಗೆ ನಾಕು ಫರ್ಲಾಂಗು.
ಮೊದಲಿಂದು ಪಿಸ್ತೂಲಿಂದು, ಅನ್ನುತ್ತಿದ್ದರು ಪೀರಪ್ಪ ಮಾಸ್ತರು,
ಎರಡನೇದು ಕಾಲಿಂದು,
ಕಡೀದು ನೋಡಲಿಕ್ಕ ಬಂದ ಮಂದೀದು.
ಮೂರನೇದಕ್ಕ ಮಾಲಕ ಇಲ್ಲ.
ಹಿಂದಿನ ಸಪ್ಪಳ ಆರಿರತದ, ಮುಂದಿನ ದಾರ ಕಾಣಂಗಿಲ್ಲ.
ಅಲ್ಲೇ ಸೋಲ್ತೀರಲೇ,
ಸೋತದ್ದು ಮಾತ್ರ ಕಡೀ ಫರ್ಲಾಂಗಿನಾಗ ಗೊತ್ತಾಗತದ.

ಅವರೂ ಅಲ್ಲೇ ಸೋತವರು.
ಫಸಲಿ ಸಾವಿರದ ಮುನ್ನೂರ ಇಪ್ಪತ್ತೊಂದು, ಸಿಕಂದರಾಬಾದು,
ಗೋರಾ ಪಲ್ಟನ್ನಿನವರ ಪಂದ್ಯ. ಇವರು ಬರಿಗಾಲು,
ಮೊಳಕಾಲ ಮೇಲೆ ಬಿಗಿದ ಧೋತರದ ಕಚ್ಚೆ.
ಹುಮನಾಬಾದಿನ ಟಪಾಲು ಹೊರುತ್ತಿದ್ದ ಅಪ್ಪನ
ಗೆಜ್ಜೆಕೋಲಿನ ಹಿಂದೆ ಹಿಂದೆ ಓಡಿ ಕಲಿತ ಓಟ.
ಮೊಳೆ ಬೂಟಿನವನೊಬ್ಬ ಗೇಣು ಮುಂದಾದ.
ಅವನಿಗೆ ಕೊಟ್ಟ ಹೂಜಿ ಬಿದರಿಯದು,
ನಮ್ಮ ಓಣಿಯದೇ, ನನ್ನಜ್ಜ ಕೂತು ಬೆಳ್ಳಿ ಎಳೆ ಕೂಡಿಸಿದ್ದು,
ಕೋಟೆಯೊಳಗಿನ ಮಣ್ಣು ತಿಕ್ಕಿ ಕಪ್ಪು ಬರಿಸಿದ್ದು.
ವಿಕಾರಾಬಾದಿನ ತನಕ ರೈಲು, ಅಲ್ಲಿಂದ ಎರಡು ದಿನ ನಡೆದು ಬಂದು
ಅಜ್ಜನ ಕಟ್ಟೆಗೆ ಕೂತು ಅಂದರಂತೆ:
"ನಮ್ಮೂರ ಮಣ್ಣು ಗೆದ್ದದ. ನಾ ಅಷ್ಟೇ ಸೋತೀನಿ."

ಆಮೇಲೂ ನಾಕು ವರ್ಷ ಓಡಿದರು,
ಹೈದರಾಬಾದು, ಔರಂಗಾಬಾದು, ಒಮ್ಮೆ ಪುಣೆಯ ತನಕ.
ಗೆದ್ದದ್ದೂ ಉಂಟು. ಎಲ್ಲಿ, ಎಷ್ಟು ಎಂದು ಕೇಳಿದರೆ
ಪೇಟಾ ಸರಿಮಾಡಿಕೊಳ್ಳುತ್ತಿದ್ದರು.
ಇನ್‌ಫ್ಲುಯೆಂಜಾ ಬಂದ ಸಾಲಿನಲ್ಲಿ
ಹೆಂಡತಿ ಹೋದಳು; ಇವರ ಉಸಿರಿನ ಅರ್ಧವೂ.
ಉಳಿದರ್ಧಕ್ಕೆ ಸರ್ಕಾರಿ ಸಾಲೆಯ ಡ್ರಿಲ್ಲು,
ತಿಂಗಳಿಗೆ ಹದಿನೆಂಟು ಹಾಲಿ ಸಿಕ್ಕಾ ರೂಪಾಯಿ.

ಏಕ್ ದೋ, ಏಕ್ ದೋ, ಸಂಜೆ ನಾಕರ ತನಕ.
ಗಂಟೆ ಹೊಡೆದ ಮೇಲೆ ನಿಜವಾದ ಸಾಲೆ:
ನೌಬಾದಿನ ಕೆಮ್ಮಣ್ಣಿನ ಬಯಲು,
ಸುರಂಗ ಬಾವಿಯ ಬಾಯಿಗಳು ಸಾಲಾಗಿ ತೆರೆದುಕೊಂಡಲ್ಲಿ.
ಒಂದು ಬಾಯಿಂದ ಇನ್ನೊಂದಕ್ಕ ಓಡು,
ಅಲ್ಲಿಂದ ಮತ್ತೊಂದಕ್ಕ ನಡಿ. ನಿಲ್ಲಬ್ಯಾಡ.
ದಣಿದು ಬಗ್ಗಿದವನ ಕಿವಿ ಹಿಡಿದು ಆ ಕತ್ತಲಿಗೆ ಒಡ್ಡುತ್ತಿದ್ದರು:
"ಕೇಳು. ನೀರು ಊರ ತನಕ ಹೋಗತದ.
ಏದುಸಿರು ಬಿಡತದೇನು?"

ಗಡಿಯಾರ ಇರಲಿಲ್ಲ.
ಒಬ್ಬೊಬ್ಬನನ್ನೇ ಓಡಲು ಬಿಟ್ಟು
ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು
ತಮ್ಮ ನಾಡಿಯನ್ನೇ ಎಣಿಸುತ್ತಿದ್ದರು.
ನರಸಿಂಗನಿಗೆ ನೂರಾ ಐವತ್ತೆಂಟು.
ತಾಂಗಾದವರ ಮದಾರನಿಗೆ ನೂರಾ ಅರವತ್ತು.
ನನಗೆ ನೂರಾ ಎಂಬತ್ತಾರು. ಮರುವಾರ ತೊಂಬತ್ತು.
ಹಲ್ಲು ಕಚ್ಚಿ ಓಡಿದಷ್ಟೂ ಎಣಿಕೆ ಏರುತ್ತಿತ್ತು.
ರಾತ್ರಿ ಕೌದಿಯೊಳಗೆ ಅತ್ತಿದ್ದೇನೆ.
"ಭಾಳ ನಿಧಾನ ಅದೀ," ಅನ್ನುತ್ತಿದ್ದರು
ಹಣೆಯ ಬೆವರು ಒರೆಸಿಕೊಳ್ಳುತ್ತ.
ಓಡಿದವನು ನಾನು.

ಬೀದರಿಗೆ ರೈಲು ಬಂದ ಮೂರನೇ ವರ್ಷ
ಗುಲಬರ್ಗಾ ಸುಭಾದಿಂದ ತಪಾಸಣೆಯ ಸಾಹೇಬನೊಬ್ಬ
ಕೊರಳಿಗೆ ಸ್ಟಾಪ್‌ವಾಚು ತೂಗಿಕೊಂಡು ಇಳಿದ.
ನರಸಿಂಗ ಎರಡು ನಿಮಿಷ ಹನ್ನೊಂದು ಸೆಕೆಂಡು.
ನಾನು ಎರಡು ನಿಮಿಷ ನಾಕು.
ಸಾಹೇಬ ಮತ್ತೊಮ್ಮೆ ನೋಡಿದ,
ಹೆಸರು ಕೇಳಿ ಬರೆದುಕೊಂಡ.
ಮಾಸ್ತರು ವಾಚು ಇಸಕೊಂಡು ಕಿವಿಗೆ ಹಿಡಿದರು.
"ಇದು ಕೆಟ್ಟದ, ಸಾಬ."
ಆಮೇಲೆ ತಮ್ಮ ಮಣಿಕಟ್ಟು,
ಅದನ್ನೂ ಕಿವಿಗೆ ಹಿಡಿದರು.
ಬಹಳ ಹೊತ್ತು.

ಅವರು ಹೋಗಿ ಮೂವತ್ತು ವರ್ಷ.
ಈಗ ನನ್ನ ಕೊರಳಲ್ಲೊಂದು ಸ್ಟಾಪ್‌ವಾಚಿದೆ, ಸಾಲೆ ಕೊಟ್ಟದ್ದು,
ಸರಿಯಾಗಿಯೇ ನಡೆಯುತ್ತದೆ.
ನಿನ್ನೆ ಅದೇ ಬಯಲಲ್ಲಿ ಕಂಬಾರರ ಹುಡುಗಿ ಸೋನಾಬಾಯಿ ಓಡುತ್ತಿದ್ದಳು.
ಸುಮ್ಮನೆ ನಾಡಿ ಹಿಡಿದು ನೋಡಿದೆ.
ಎರಡು ಫರ್ಲಾಂಗು ಸರಿಯಾಗಿ ಎಣಿಸಿದೆ.
ಮೂರನೆಯದರಲ್ಲಿ,
ಹುಣಸೇಮರದ ಆಚೆ ಅವಳು ಕಾಣದಾದಾಗ,
ಲೆಕ್ಕ ತಪ್ಪಿತು.