ಐದನೆಯವನ ಸಾಲು

ಪೋಸ್ಟರ್ ಇರುತ್ತಿದ್ದದ್ದು ಪತ್ರಿಕೆಯ ನಟ್ಟನಡುವೆ.
ಉಗುರಿನಿಂದ ಎರಡು ಪಿನ್ನು ಎಬ್ಬಿಸಬೇಕು, ಉಸಿರು ಬಿಗಿಹಿಡಿದು.
ಮೇಲಿನ ಪಿನ್ನು ಬರಿಯ ಆಕಾಶಕ್ಕೆ,
ಕೆಳಗಿನದು ಸದಾ ಲೈಲ್‌ನ ಮೊಣಕಾಲಿಗೆ.
ಮುಂದೆ ಮಂಡಿಯೂರಿ ಕೂತವನು ಅವನೇ,
ನಿಲ್ಲಲು ನಾಲ್ವರಿಗಷ್ಟೇ ಜಾಗ.

ಟಾಪ್ ಡೆಕ್ ಅಂತ ಹೆಸರು. ಡಾಂಕಾಸ್ಟರಿನ ಐದು ಹುಡುಗರು,
ಹೊಕ್ಕುಳ ತನಕ ಗುಂಡಿ ಬಿಚ್ಚಿದ ಬಿಳಿ ಅಂಗಿ,
ಬೆಳ್ಳಿ ಬಣ್ಣದ ಪ್ಯಾಂಟು. ಗ್ರಿಮ್ಸ್‌ಬಿಯ ನಮಗೆ
ಅದು ಮೀನಿನ ಹೊಳಪು,
ಬೇರೆ ಯಾವ ಹೋಲಿಕೆ ಸಿಗಬೇಕು?

ಗೋಡೆ ಟ್ಯಾಮ್ಸಿನ್ ಮನೆಯದು, ಹಾಗಾಗಿ ಮೊದಲ ಆಯ್ಕೆ ಅವಳದು:
ಜಾಸ್, ಚಿನ್ನದ ಕೂದಲವನು.
ಲಿಯಾನ್ ಅಳುಮೋರೆಯವನನ್ನು ತೆಗೆದುಕೊಂಡಳು,
ಕರ್ಸ್ಟಿ ಕಿವಿಗೆ ರಿಂಗು ಹಾಕಿದವನನ್ನು.
ಜೋಡಿ ಒಂದು ದಿನ ಯೋಚಿಸಿ, ಹೋಗಲಿ ಎಂದು, ಹಚ್ಚೆಯವನನ್ನು.
ನಾನು ಎಲ್ಲರಿಗಿಂತ ಎಂಟು ತಿಂಗಳು ಚಿಕ್ಕವಳು.
ಶಾಲೆಯ ಊಟದ ಸಾಲಿನ ಕೊನೆಯವಳಿಗೆ
ಪಾತ್ರೆಯ ಅಂಚಿನ ಪುಡಿಂಗ್ ಕೆರೆದು ಹಾಕುತ್ತಾರಲ್ಲ,
ಹಾಗೆ ನನ್ನ ಪಾಲಿಗೆ ಬಂದ ಲೈಲ್.

ಮೊದಲು ಬಂದದ್ದು ಪ್ರೀತಿಯಲ್ಲ, ಹಟ.
ಆಮೇಲೆ ಅಭ್ಯಾಸ.
ಆಮೇಲೆ ಯಾರಾದರೂ ಅವನನ್ನು ನಕ್ಕರೆ
ನನ್ನ ಕಿವಿ ಕೆಂಪಾಗುತ್ತಿತ್ತು.

ಮೂರು ಆಲ್ಬಮ್ಮು, ಮೂವತ್ನಾಲ್ಕು ಹಾಡು,
ಅವನ ದನಿ ಒಂಟಿಯಾಗಿ ಕೇಳುವುದು ಒಂದೇ ಸಾಲಿನಲ್ಲಿ:
'ಇನ್ನೊಂದು ಬಸ್ಸು ಹೋಗಲಿ ಬಿಡು, ಇನ್ನೂ ಸ್ವಲ್ಪ ನಿಲ್ಲೋಣ.'
ಅಷ್ಟೇ. ಉಳಿದಂತೆ ಮಿಕ್ಕವರ ಬೆನ್ನ ಹಿಂದೆ
ಊ ಎನ್ನುವ ಕೆಲಸ.
ಅವನ ಮೈಕು ಉರಿಯುವುದೇ ಇಲ್ಲ, ಎಂದ ಕರ್ಸ್ಟಿಯ ಅಣ್ಣ.
ಆ ಸಾಲಿಗಾಗಿ ನಾನು ಕ್ಯಾಸೆಟ್ಟಿನ ಹಲ್ಲಿಗೆ
ಪೆನ್ಸಿಲು ತೂರಿಸಿ ತಿರುಗಿಸಿ ತಿರುಗಿಸಿ
ಟೇಪು ಅಲ್ಲೇ ಸವೆದು, ಕೊನೆಕೊನೆಗೆ ಅವನು
ನೀರೊಳಗಿಂದ ಹಾಡುತ್ತಿದ್ದ.

ಅವರು ಒಡೆದದ್ದು ಒಂದು ಮಂಗಳವಾರ.
ಟ್ಯಾಮ್ಸಿನ್ ಊಟ ಬಿಟ್ಟಳು. ಲಿಯಾನ್
ಗೋಡೆಗೆ ಹಣೆ ಒತ್ತಿ ನಿಂತೇ ಇದ್ದಳು.
ಮೀನು ಬಂದರಿನ ಕೆಲಸ ಹೋದ ದಿನವೂ ಅಳದ ನನ್ನಪ್ಪ
ಬಾಗಿಲಲ್ಲಿ ನಿಂತು ಕೇಳಿದ: 'ಯಾರು ಸತ್ತರು?'

ಅವನೇ ಸತ್ತ ಮೇಲೆ, ಕಪಾಟು ಖಾಲಿ ಮಾಡುವಾಗ
ಒಂದು ವೀಡಿಯೊ ಟೇಪು ಸಿಕ್ಕಿತು.
ನಮ್ಮೂರ ತಂಡ ಗೆದ್ದ ಪಂದ್ಯದ ಹೆಸರು ಹೊಡೆದುಹಾಕಿ
ಅದರ ಕೆಳಗೆ ಅವನ ಅಕ್ಷರ:
'ಹುಡುಗಿಯ ಹುಡುಗರು. ಹತ್ತರ ಸುದ್ದಿ.'
ಅದನ್ನು ಹಾಕಿ ನೋಡುವ ಯಂತ್ರ ಈಗ ಯಾರ ಮನೆಯಲ್ಲೂ ಇಲ್ಲ.

ಹೋದ ನವೆಂಬರಿನಲ್ಲಿ ಅವರು ಹಲ್ ನಗರಕ್ಕೆ ಬಂದರು.
ಜೋಡಿಯ ನಾಯಿವಾಸನೆಯ ವ್ಯಾನಿನಲ್ಲಿ
ಹಂಬರ್ ಸೇತುವೆ ದಾಟಿ ಹೋದೆವು ಐವರೂ:
ಇಬ್ಬರು ಅಜ್ಜಿಯರು, ಒಬ್ಬಳು ಮೊನ್ನೆ ಮೊನ್ನೆ ಬಿಡುಗಡೆ ಪಡೆದವಳು,
ಹೊಸ ಮಂಡಿಯ ಕರ್ಸ್ಟಿ, ಮತ್ತು ನಾನು,
ದಂತವೈದ್ಯರ ಬಾಗಿಲಲ್ಲಿ ಕೂತು
ಪರರ ಸರದಿ ಕೂಗುವವಳು.

ವೇದಿಕೆಯ ಮೇಲೆ ನಾಲ್ವರೇ. ಬೆಳ್ಳಿ ಪ್ಯಾಂಟು ಈಗ ಕಪ್ಪು.
ಲೈಲ್ ರಾದರಮ್‌ನಲ್ಲಿ ಬಾಯ್ಲರ್ ರಿಪೇರಿ ಮಾಡುತ್ತಾನಂತೆ,
ಅಲ್ಲ, ಸ್ಪೇನಿನಲ್ಲಿ ಮನೆ ಮಾರುತ್ತಾನಂತೆ.
ಕೇಳಿದರೂ ಬರಲಿಲ್ಲವಂತೆ. ಕೇಳಲೇ ಇಲ್ಲವಂತೆ.
ಸ್ವರ ಏರುವ ಜಾಗದಲ್ಲಿ ನಾಲ್ವರೂ
ಸ್ಟೂಲಿನಿಂದ ಒಟ್ಟಿಗೆ ಎದ್ದರು, ಹಿಂದಿನಂತೆಯೇ.
ಜಾಸ್ ಮಾತ್ರ ತೊಡೆಗೆ ಕೈಯೂರಿ. ಸಭೆಯೆಲ್ಲ ನಕ್ಕು,
ತಾನೂ ಸೊಂಟ ಹಿಡಿದುಕೊಂಡು ಎದ್ದಿತು.

ಆಮೇಲೆ ಅವನ ಸಾಲು ಬಂತು.
ನಾಲ್ವರೂ ಬಾಯಿ ಮುಚ್ಚಿಕೊಂಡರು.
ಗೌರವವೋ, ಮರೆವೋ, ಕರಾರೋ.
ಡ್ರಮ್ಮು ಮಾತ್ರ ನಡೆಯುತ್ತಿತ್ತು,
ಖಾಲಿ ಮನೆಯಲ್ಲಿ ಗಡಿಯಾರ ನಡೆದ ಹಾಗೆ.

ನಾನು ಹಾಡಿದೆ.
ಹಾಡುತ್ತಿದ್ದಂತೆ ಕೇಳಿತು: ಬಾಲ್ಕನಿಯಲ್ಲಿ ಒಬ್ಬಳು,
ಕಂಬದ ಮರೆಯಲ್ಲಿ ಒಬ್ಬಳು, ಗಾಲಿಕುರ್ಚಿಗಳ ಸಾಲಿನಲ್ಲಿ ಒಬ್ಬಳು,
ಎಲ್ಲೋ ದೂರದಲ್ಲಿ ಗೊಗ್ಗರು ದನಿಯ ಒಬ್ಬ ಗಂಡಸು.
ಒಂದೊಂದು ಗುಂಪಿಗೆ ಒಬ್ಬೊಬ್ಬರು,
ಸರದಿ ಬರುವ ಹೊತ್ತಿಗೆ ಆಯ್ಕೆ ಮುಗಿದಿದ್ದವರು.
ತಾಳ ಕೂಡಲಿಲ್ಲ. ಒಬ್ಬಳಂತೂ ಬಸ್ಸಿನಲ್ಲೇ ಉಳಿದಳು.

ಹೊರಗೆ ಪಾರ್ಕಿಂಗಿನಲ್ಲಿ ಮುಕ್ಕಾಲು ಗಂಟೆ ಸಾಲು.
ಜೋಡಿ ಹಾರ್ನ್ ಒತ್ತಿ ಒತ್ತಿ ಬೈಯುತ್ತಿದ್ದಳು.
ನನಗೇನೂ ಅವಸರವಿರಲಿಲ್ಲ.